ಸಭೆ, ಸರದಿ, ಸ್ನೇಹ: ಧಾರವಾಡ ಸೀಮೆಯ ಸಂಘಜೀವನವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಅರಸುಮನೆತನಗಳ ಏಳುಬೀಳುಗಳನ್ನೂ ಕಾಳಗ ಕೌಲುಗಳನ್ನೂ ಇತಿಹಾಸದ ಮುಖ್ಯ ವಸ್ತುವೆಂದು ಬಗೆಯುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಹತ್ತು ಜನರು ಒಂದೆಡೆ ಕೂಡಿ, ತಮ್ಮೊಳಗೊಬ್ಬನನ್ನು ಅಧ್ಯಕ್ಷನನ್ನಾಗಿ ಆರಿಸಿ, ವರ್ಗಣಿ ಎತ್ತಿ, ಊರಿನ ಒಂದು ಕೊರತೆಯನ್ನು ನೀಗಿಸಲು ಹವಣಿಸಿದ ಸಂಗತಿ ಇತಿಹಾಸಕಾರನ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಆದರೆ ಪ್ರಜಾಪ್ರಭುತ್ವದ ನಡವಳಿಕೆಯನ್ನು ಒಂದು ನಾಡು ಕಲಿಯುವುದು ಶಾಸನಸಭೆಯಲ್ಲಿ ಮಾತ್ರವಲ್ಲ. ವರುಷದ ಕೊನೆಯಲ್ಲಿ ಅಧಿಕಾರದ ಕುರ್ಚಿಯನ್ನು ಬಿಟ್ಟು ಎದ್ದು, ಮರುವಾರ ಅದೇ ಸಭೆಯಲ್ಲಿ ಸಾಮಾನ್ಯ ಸದಸ್ಯನಾಗಿ ಹಿಂದಿನ ಸಾಲಿನಲ್ಲಿ ಕೂಡ್ರುವ ಅಭ್ಯಾಸವೂ ಅಂಥ ಒಂದು ಪಾಠವೇ ಆಗಿದೆ. ಈ ಪಾಠವನ್ನು ಧಾರವಾಡ ಸೀಮೆಯ ಜನ ಯಾವ ಯಾವ ಶಾಲೆಗಳಲ್ಲಿ ಕಲಿತರು, ಎಷ್ಟರಮಟ್ಟಿಗೆ ಕಲಿತರು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಂಘಜೀವನದಲ್ಲಿ ಮೂರು ಅಂಗಗಳನ್ನು ಬೇರ್ಪಡಿಸಿ ನೋಡಬಹುದು. ನಿಯತವಾಗಿ ಕೂಡುವುದು ಮೊದಲನೆಯದು, ಇದು ಸಭೆ. ನಾಯಕತ್ವವು ಒಬ್ಬರಿಂದ ಒಬ್ಬರಿಗೆ ಸಾಗುವುದು ಎರಡನೆಯದು, ಇದು ಸರದಿ. ಕೂಡಿದವರಲ್ಲಿ ಬೆಳೆಯುವ ಪರಸ್ಪರ ವಿಶ್ವಾಸವು ಮೂರನೆಯದು, ಇದು ಸ್ನೇಹ. ಈ ಮೂರರಲ್ಲಿ ಒಂದು ಕುಂದಿದರೂ ಸಂಘವು ಹೆಸರಿಗೆ ಉಳಿಯುತ್ತದೆಯೇ ಹೊರತು ಬಾಳುವುದಿಲ್ಲ. ಮುಂದಿನ ವಿವೇಚನೆಯಲ್ಲಿ ಈ ಮೂರು ಅಂಗಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ.

1. ನೆಲ ಮತ್ತು ಜನ

ಇಲ್ಲಿ ಧಾರವಾಡ ಸೀಮೆಯೆಂದರೆ 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಬೇರ್ಪಡುವುದಕ್ಕೆ ಮುಂಚಿನ ಹಳೆಯ ಜಿಲ್ಲೆಯೆಂದು ತಿಳಿಯತಕ್ಕದ್ದು. ಅದರೊಳಗೆ ನವಲಗುಂದ, ಇತ್ತೀಚಿನವರೆಗೆ ನವಲಗುಂದ ತಾಲೂಕಿನ ಭಾಗವಾಗಿದ್ದ ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಈ ನಾಲ್ಕು ತಾಲೂಕುಗಳ ಕಡೆಗೆ ನಮ್ಮ ಲಕ್ಷ್ಯ ವಿಶೇಷವಾಗಿದೆ. ನವಲಗುಂದ, ಅಣ್ಣಿಗೇರಿಗಳು ಎರಿನೆಲದ ಬೆಳವಲ ಪ್ರದೇಶಗಳು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಗೋದಿ, ಇವುಗಳ ನಡುವೆ ಹತ್ತಿ. ಇದು ಅಲ್ಲಿಯ ಬೆಳೆಯ ಕ್ರಮ. ಕುಂದಗೋಳವು ಹತ್ತಿ ಮೆಣಸಿನಕಾಯಿಗಳ ಸೀಮೆ. ಕಲಘಟಗಿಯು ಅರೆಮಲೆನಾಡು, ಅಲ್ಲಿ ಬತ್ತವು ಮುಖ್ಯ. ನವಲಗುಂದದ ಜಮಖಾನೆ, ಕಲಘಟಗಿಯ ಬಣ್ಣದ ತೊಟ್ಟಿಲು, ಕುಂದಗೋಳದ ಸಂಗೀತ, ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಇವು ಆಯಾ ಊರುಗಳ ಹೆಸರನ್ನು ದೂರದವರೆಗೆ ಒಯ್ದಿವೆ. ಆದರೆ ಈ ಊರುಗಳ ಸಾರ್ವಜನಿಕ ಜೀವನವನ್ನು ಕುರಿತ ಬರವಣಿಗೆಯು ಬಹುತೇಕ ಹುಬ್ಬಳ್ಳಿ ಧಾರವಾಡಗಳ ನೆರಳಿನಲ್ಲಿಯೇ ಉಳಿದಿದೆ.

2. ಪ್ರಾಚೀನ ಸಮುದಾಯಗಳು

ಸಂಘವೆಂಬುದು ಆಂಗ್ಲರು ತಂದಿತ್ತ ವಸ್ತುವೆಂದು ಭಾವಿಸುವವರು ಬೆಳವಲನಾಡಿನ ಶಾಸನಗಳನ್ನು ಒಮ್ಮೆ ನೋಡಬೇಕು. ಬೆಳ್ವೊಲ ಮುನ್ನೂರು ಎಂಬ ಹೆಸರಿನ ಈ ನಾಡಿನಲ್ಲಿ, ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಊರಿನ ಆಡಳಿತವು ಮಹಾಜನರೆಂಬ ಸಮುದಾಯದ ಕೈಯಲ್ಲಿತ್ತು. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸಾಸಿರ್ವರು ಮಹಾಜನರು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ದತ್ತಿಯನ್ನು ಸ್ವೀಕರಿಸುವುದು, ಅದನ್ನು ಕಾಯ್ದುಕೊಂಡು ಬರುವುದು, ಕೆರೆ ದೇಗುಲಗಳ ವೆಚ್ಚಕ್ಕೆ ಹೊಣೆಯಾಗುವುದು ಇವು ಅವರ ಕೆಲಸಗಳು. ಅವರ ಮುಂದಾಳಿಗೆ ಊರೊಡೆಯನೆಂಬ ಹೆಸರು. ವರ್ತಕರಲ್ಲಿ ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳ ಸಂಘವು ದಕ್ಷಿಣಾಪಥದಲ್ಲೆಲ್ಲ ಹಬ್ಬಿತ್ತು. ತೆಲ್ಲಿಗರು, ಸೆಟ್ಟಿಗುತ್ತರು, ಒಕ್ಕಲುಗಳು ತಂತಮ್ಮ ಕೂಟಗಳ ಮೂಲಕ ದೇವಾಲಯಗಳಿಗೆ ಎಣ್ಣೆಯನ್ನೋ ಕಾಳನ್ನೋ ಸುಂಕದ ಪಾಲನ್ನೋ ಬಿಟ್ಟುಕೊಟ್ಟ ಉಲ್ಲೇಖಗಳು ಹೇರಳವಾಗಿವೆ.

ಹೀಗೆ ಕೂಡುವ ಪದ್ಧತಿಯೂ ಕೂಡಿ ಕೊಡುವ ಪದ್ಧತಿಯೂ ಈ ನೆಲಕ್ಕೆ ಹೊಸವಲ್ಲ. ಆದರೂ ಒಂದು ಭೇದವನ್ನು ಮರೆಯಲಾಗದು. ಮಹಾಜನರ ಕೂಟಕ್ಕೆ ಸೇರುವ ಅರ್ಹತೆ ಹುಟ್ಟಿನಿಂದ ಬರುತ್ತಿತ್ತು. ತೆಲ್ಲಿಗರ ಕೂಟಕ್ಕೆ ವೃತ್ತಿಯಿಂದ, ಎಂದರೆ ಬಹುಮಟ್ಟಿಗೆ ಹುಟ್ಟಿನಿಂದಲೇ, ಬರುತ್ತಿತ್ತು. ತನ್ನ ಇಚ್ಛೆಯಿಂದ ಸೇರಿ, ತನ್ನ ಇಚ್ಛೆಯಿಂದ ಬಿಡಬಹುದಾದ ಸಂಘ, ಹೊರಗಿನವನೂ ವರ್ಗಣಿ ಕೊಟ್ಟು ಒಳಗಾಗಬಹುದಾದ ಸಂಘ, ಇದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸೃಷ್ಟಿ. ಹಳೆಯ ಸಮುದಾಯದಲ್ಲಿ ಸ್ನೇಹವು ಮೊದಲೇ ಇದ್ದು ಸಭೆಯು ಅನಂತರ ಕೂಡುತ್ತಿತ್ತು. ಹೊಸ ಸಂಘದಲ್ಲಿ ಸಭೆಯು ಮೊದಲು ಕೂಡಿ, ಸ್ನೇಹವು ಅಲ್ಲಿಂದ ಹುಟ್ಟಬೇಕಾಯಿತು. ಕೆಲಸವು ಅಷ್ಟರಮಟ್ಟಿಗೆ ಕಠಿಣವಾಯಿತು.

3. ಹೊಸ ಸಂಘಗಳ ಉದಯ

1860ರ ಸಂಘಗಳ ನೋಂದಣಿಯ ಕಾನೂನು ಇಂಡಿಯಾ ದೇಶದಲ್ಲಿ ಸಂಘಗಳಿಗೆ ಕಾಯಿದೆಯ ದೇಹವನ್ನು ಕೊಟ್ಟಿತು. ಉದ್ದೇಶಪತ್ರ, ನಿಯಮಾವಳಿ, ಆಡಳಿತ ಮಂಡಳದ ಯಾದಿ, ವಾರ್ಷಿಕ ಸಭೆ ಇವು ಈ ದೇಹದ ಅವಯವಗಳು. ಧಾರವಾಡದಲ್ಲಿ ಇಂಥ ಸಂಘಟನೆಗಳು ಶಿಕ್ಷಣದ ಹಸಿವಿನಿಂದ ಮೊದಲುಗೊಂಡವು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರ ಯತ್ನದಿಂದ 1883ರಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗೆ ನೆರವಾಗುವ ಸಂಸ್ಥೆಯು ರೂಪುಗೊಂಡಿತು. 1890ರ ಜುಲೈ 20ರಂದು, ನರೇಂದ್ರ ಗ್ರಾಮದಲ್ಲಿ ಜನಿಸಿದ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ಧಾರವಾಡದಲ್ಲಿಯೇ ಜರುಗಿತು.

ಇವುಗಳಲ್ಲಿ ವಿದ್ಯಾವರ್ಧಕ ಸಂಘದ ಚರಿತ್ರೆಯು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಶಾಲೆಯನ್ನೂ ಕಚೇರಿಯನ್ನೂ ಆವರಿಸಿದ್ದ ಕಾಲದಲ್ಲಿ, ಕನ್ನಡ ಪುಸ್ತಕಗಳನ್ನು ಬರೆಯಿಸಿ ಅಚ್ಚು ಹಾಕಿಸುವುದು ಅದರ ಮೊದಲ ಗುರಿಯಾಗಿತ್ತು. 1896ರಲ್ಲಿ ಅದು 'ವಾಗ್ಭೂಷಣ' ಪತ್ರಿಕೆಯನ್ನು ಆರಂಭಿಸಿತು. ಮುಂದೆ ಆಲೂರು ವೆಂಕಟರಾಯರಂಥ ತರುಣರು ಸಂಘವನ್ನು ಸೇರಿದರು. 1907ರಲ್ಲಿ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನವು ಕೂಡಿತು. ಚದುರಿದ ಕನ್ನಡ ಪ್ರಾಂತಗಳ ಬರಹಗಾರರು ಒಬ್ಬರ ಮುಖವನ್ನೊಬ್ಬರು ಕಂಡದ್ದು ಇಂಥ ಸಭೆಗಳಲ್ಲಿ. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿಗೂ 1956ರ ನವೆಂಬರ್ 1ರ ಏಕೀಕರಣಕ್ಕೂ ಈ ಪರಿಚಯಗಳು ಹಿನ್ನೆಲೆಯಾಗಿ ನಿಂತವು. ಪುಸ್ತಕಕ್ಕಾಗಿ ಕೂಡಿದವರಲ್ಲಿ ನಾಡಿನ ಕಲ್ಪನೆ ಬಲಿಯಿತು. ಸಭೆಯ ಘೋಷಿತ ಉದ್ದೇಶಕ್ಕಿಂತ ಅದರ ಅಘೋಷಿತ ಫಲವು ದೊಡ್ಡದಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಸೀಮೆಯಲ್ಲಿ ಬೇರೊಂದಿಲ್ಲ.

4. 1905ನೆಯ ವರುಷ

1905ನೆಯ ವರುಷವು ಸಂಘಜೀವನದ ಇತಿಹಾಸದಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾಗಿದೆ. ಆ ವರುಷದ ಫೆಬ್ರವರಿ 23ರಂದು ಅಮೆರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನು ಮೂವರು ಪರಿಚಿತರೊಡನೆ ಕೂಡಿ ರೋಟರಿ ಸಂಘಕ್ಕೆ ತಳಹದಿ ಹಾಕಿದನು. ಅದೇ ವರುಷ ಗದಗ ತಾಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇದು ಹಿಂದಿನ ವರುಷ ಜಾರಿಗೆ ಬಂದಿದ್ದ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಪ್ರಕಾರ ದೇಶದಲ್ಲಿ ಮೊತ್ತಮೊದಲಿಗೆ ಏರ್ಪಟ್ಟ ಸಂಘಗಳ ಸಾಲಿಗೆ ಸೇರಿದ್ದು.

ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಇವನ್ನು ಅಕ್ಕಪಕ್ಕದಲ್ಲಿರಿಸಿ ನೋಡುವುದು ಬೋಧಪ್ರದವಾಗಿದೆ. ಬೆಳೆಯುತ್ತಿದ್ದ ಮಹಾನಗರದಲ್ಲಿ ಒಂಟಿತನವನ್ನು ಅನುಭವಿಸಿದ ವೃತ್ತಿವಂತರು ಸ್ನೇಹವನ್ನು ಅರಸಿ ಕೂಡಿದರು; ಸೇವೆಯ ಆದರ್ಶವು ಅನಂತರ ಬಂದು ಸೇರಿತು. ಕಣಗಿನಹಾಳದ ಒಕ್ಕಲಿಗರಿಗೆ ಸ್ನೇಹದ ಕೊರತೆಯಿರಲಿಲ್ಲ. ಒಂದೇ ಕೇರಿಯಲ್ಲಿ ಹುಟ್ಟಿ ಬೆಳೆದವರು ಅವರು. ಅವರಿಗಿದ್ದುದು ಸಾಲದ ಬಾಧೆ. ಆದ್ದರಿಂದ ಅವರು ಪತ್ತನ್ನು ಅರಸಿ ಕೂಡಿದರು. ಆ ಕಾಯಿದೆಯಲ್ಲಿ ಗ್ರಾಮೀಣ ಸಂಘದ ಸದಸ್ಯರ ಹೊಣೆಗಾರಿಕೆಯು ಅಪರಿಮಿತವಾಗಿತ್ತು. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ನೆರೆಯವನ ನಡತೆಯನ್ನು ಅರಿಯದೆ ಅಂಥ ಸಂಘಕ್ಕೆ ಸಹಿ ಹಾಕುವುದು ಶಕ್ಯವಿರಲಿಲ್ಲ. ಊರಿನ ಹಳೆಯ ಪರಿಚಯವೇ ಇಲ್ಲಿ ಬಂಡವಾಳವಾಯಿತು. ಇನ್ನೊಂದು ನಿಯಮವು ಇದಕ್ಕಿಂತಲೂ ಗಮನಾರ್ಹವಾದುದು. ನೂರು ಕೂರಿಗೆ ಹೊಲದ ಗೌಡನಿಗೂ ತುಂಡು ಹೊಲದ ಬಡವನಿಗೂ ಅಲ್ಲಿ ಒಂದೊಂದೇ ಮತ. ಚಾವಡಿಯಲ್ಲಿ ಹಿರಿಯರ ಮಾತು ಮುಗಿಯುವವರೆಗೆ ಬಾಯಿ ತೆರೆಯದಿದ್ದವನು ವಾರ್ಷಿಕ ಸಭೆಯಲ್ಲಿ ಕೈಯೆತ್ತಿ ಎಣಿಕೆಗೆ ಸಿಕ್ಕನು. ಗೌಡಿಕೆ ಕುಲಕರ್ಣಿಕೆಗಳು ವಂಶಪಾರಂಪರ್ಯವಾಗಿದ್ದ ಆ ದಿನಗಳಲ್ಲಿ, ಆರಿಸಿ ಬಂದು ಅವಧಿ ತೀರಿದ ಮೇಲೆ ಇಳಿಯಬೇಕಾದ ಸ್ಥಾನವೊಂದು ಹಳ್ಳಿಯಲ್ಲಿ ಉಂಟಾದದ್ದೇ ಒಂದು ಸದ್ದಿಲ್ಲದ ಕ್ರಾಂತಿ. ಮೊದಮೊದಲು ಗೌಡರೇ ಆ ಸ್ಥಾನಕ್ಕೆ ಬಂದದ್ದು ನಿಜ. ಆದರೆ ಹುಟ್ಟಿನ ಹಕ್ಕಿನಿಂದ ಬರುವುದಕ್ಕೂ ಸಭೆಯ ಒಪ್ಪಿಗೆಯಿಂದ ಬರುವುದಕ್ಕೂ ಅಂತರವಿದೆ.

5. ಸೇವಾಸಂಘಗಳ ರಚನೆ

ರೋಟರಿ ಎಂಬ ಹೆಸರಿನಲ್ಲಿಯೇ ಸರದಿಯ ತತ್ತ್ವವು ಅಡಗಿದೆ. ಆರಂಭದಲ್ಲಿ ಸಭೆಯು ಒಂದು ವಾರ ಒಬ್ಬ ಸದಸ್ಯನ ಕಚೇರಿಯಲ್ಲಿ, ಮರುವಾರ ಇನ್ನೊಬ್ಬನ ಕಚೇರಿಯಲ್ಲಿ ಸುತ್ತುತ್ತಿದ್ದುದರಿಂದ ಆ ಹೆಸರು ಬಂದಿತು. 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬವನ ಯತ್ನದಿಂದ ಲಯನ್ಸ್ ಸಂಘವೂ ಶಿಕಾಗೋದಲ್ಲಿಯೇ ಹುಟ್ಟಿತು. ಇಂಡಿಯಾದಲ್ಲಿ ರೋಟರಿಯ ಮೊದಲ ಸಭೆ ಕಲಕತ್ತೆಯಲ್ಲಿ 1919ರಲ್ಲಿ ಕೂಡಿತು. 1934ರಲ್ಲಿ ಬೆಂಗಳೂರಿನಲ್ಲಿ ಶಾಖೆಯಾಯಿತು. ಲಯನ್ಸ್ ಸಂಘವು 1956ರಲ್ಲಿ ಮುಂಬಯಿಯ ಮೂಲಕ ದೇಶವನ್ನು ಪ್ರವೇಶಿಸಿತು. ಕಲಕತ್ತೆಯ ನೀತೀಶ್ ಲಾಹರಿಯವರು 1962-63ನೆಯ ಸಾಲಿಗೆ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾದುದು ಆ ಸ್ಥಾನಕ್ಕೆ ಏಷ್ಯದಿಂದ ಆದ ಮೊದಲ ಆಯ್ಕೆ. ಹುಬ್ಬಳ್ಳಿ ಧಾರವಾಡಗಳಲ್ಲಿ ನೆಲೆಗೊಂಡ ಇಂಥ ಸಂಘಗಳ ಮಾದರಿಯು ಕ್ರಮೇಣ ತಾಲೂಕು ಸ್ಥಳಗಳ ವೈದ್ಯರು, ವಕೀಲರು, ವರ್ತಕರು, ಶಿಕ್ಷಕರು ಇವರನ್ನು ಆಕರ್ಷಿಸಿತು.

ಈ ಸಂಘಗಳ ರಚನೆಯಲ್ಲಿ ಮೂರು ವಿಶೇಷಗಳು ಎದ್ದು ಕಾಣುತ್ತವೆ. ಮೊದಲನೆಯದು, ಒಂದೇ ವೃತ್ತಿಯವರು ತುಂಬಿಕೊಳ್ಳದಂತೆ ನಾನಾ ವೃತ್ತಿಗಳಿಂದ ಸದಸ್ಯರನ್ನು ಆರಿಸುವ ರೋಟರಿಯ ನಿಯಮ. ಜಾತಿಗನುಗುಣವಾಗಿ ಕೂಡುವ ರೂಢಿಯಿದ್ದ ಸಮಾಜದಲ್ಲಿ ವೃತ್ತಿಯ ವೈವಿಧ್ಯವನ್ನೇ ಅರ್ಹತೆಯಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ. ಎರಡನೆಯದು, ಹಾಜರಿಯ ಕಟ್ಟುನಿಟ್ಟು. ಸತತವಾಗಿ ನಾಲ್ಕು ಸಭೆಗಳಿಗೆ ತಪ್ಪಿದವನ ಸದಸ್ಯತ್ವಕ್ಕೇ ಕುತ್ತು ಬರುವಂತಿದ್ದ ರೋಟರಿಯ ಹಳೆಯ ನಿಯಮವು ಕಾಲಾನುಕ್ರಮದಲ್ಲಿ ಸಡಿಲಗೊಂಡು, 2016ರಲ್ಲಿ ಸಭೆಗಳ ಸಂಖ್ಯೆಯ ವಿಷಯದಲ್ಲಿಯೂ ಶಾಖೆಗಳಿಗೆ ಸ್ವಾತಂತ್ರ್ಯ ದೊರೆಯಿತು. ಮೂರನೆಯದು, ಒಂದು ವರುಷದ ಅಧ್ಯಕ್ಷತೆ. ಜುಲೈ 1ಕ್ಕೆ ಹೊಸ ವರುಷವು ಮೊದಲಾಗುತ್ತದೆ. ಪದಗ್ರಹಣದ ದಿನ ಹಿಂದಿನ ಅಧ್ಯಕ್ಷನು ಕೊರಳಪಟ್ಟಿಯನ್ನು ತಾನೇ ತೆಗೆದು ಹೊಸಬನ ಕೊರಳಿಗೆ ಹಾಕುತ್ತಾನೆ. ಮುಂದಿನವನು ಯಾರೆಂಬುದು ಬಹುಮೊದಲೇ ಗೊತ್ತಾಗಿರುವುದರಿಂದ, ಅವನು ಒಂದು ವರುಷ ಹತ್ತಿರದಲ್ಲಿ ನಿಂತು ಕೆಲಸವನ್ನು ಕಲಿಯುತ್ತಾನೆ. ಸಾರ್ವಜನಿಕ ಸಮಾರಂಭಗಳಲ್ಲಿ ಇದನ್ನು ಬರಿಯ ಆಡಂಬರವೆಂದು ಹಗುರಾಗಿ ಕಾಣುವವರುಂಟು. ಆದರೆ ಅಧಿಕಾರವು ಕೈಯಿಂದ ಕೈಗೆ ಸಾಗುವುದನ್ನು ಕಣ್ಣಿಗೆ ಕಾಣುವಂತೆ ಮಾಡುವ ಆಚಾರಕ್ಕೆ ತನ್ನದೇ ಆದ ಅರ್ಥವಿದೆ: ಪಟ್ಟಿ ಒಂದೇ, ಕೊರಳು ಬೇರೆ.

ಸಣ್ಣ ಊರಿನ ಸಣ್ಣ ಸಂಘವು ದೊಡ್ಡ ಕಾರ್ಯದ ಒಂದು ಎಳೆಯಾಗಬಲ್ಲುದೆಂಬುದಕ್ಕೆ ಪೋಲಿಯೋ ನಿರ್ಮೂಲನವು ಸಾಕ್ಷಿಯಾಗಿದೆ. 1985ರಲ್ಲಿ ರೋಟರಿಯು ಆರಂಭಿಸಿದ ಈ ಕಾರ್ಯದಲ್ಲಿ ಸರಕಾರದ ಆರೋಗ್ಯ ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಕೂಡಿ ದುಡಿದರು. 2011ರ ಜನವರಿ 13ರ ತರುವಾಯ ದೇಶದಲ್ಲಿ ಆ ರೋಗದ ಕಾಡುವಿಷಾಣುವಿನ ಪ್ರಕರಣ ಕಂಡುಬರಲಿಲ್ಲ. 2014ರ ಮಾರ್ಚಿನಲ್ಲಿ ದೇಶವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಇಪ್ಪತ್ತೈದಕ್ಕಿಂತ ಹೆಚ್ಚು ವರುಷಗಳ ಈ ಕಾರ್ಯವು ಒಬ್ಬ ಅಧ್ಯಕ್ಷನ ಅವಧಿಯಲ್ಲಿ ಮುಗಿಯುವಂಥದಾಗಿರಲಿಲ್ಲ. ವರುಷ ವರುಷವೂ ನಾಯಕರು ಬದಲಾದರೂ ಕೆಲಸವು ಬದಲಾಗಲಿಲ್ಲವೆಂಬುದೇ ಇಲ್ಲಿ ಗ್ರಾಹ್ಯವಾದ ಅಂಶ.

6. ಅಧ್ಯಕ್ಷನಿಲ್ಲದ ಕೂಟ

ಸರದಿಯ ನಿಯಮವೇ ಇಲ್ಲದ ಕೂಟಗಳನ್ನೂ ಇದೇ ಸೀಮೆಯು ಕಂಡಿದೆ. 1920ರ ದಶಕದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪು ಅಂಥದು. ಶಂ. ಬಾ. ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಅದರಲ್ಲಿದ್ದರು. ಕಾವ್ಯವಾಚನ, ಚರ್ಚೆ, ಪತ್ರಿಕೆ, ನಾಡಹಬ್ಬದ ಆಚರಣೆ ಇವು ಅದರ ಕಾರ್ಯಗಳು. ಹೊಸಗನ್ನಡ ಸಾಹಿತ್ಯಕ್ಕೆ ಆ ಗುಂಪಿನಿಂದ ಸಂದ ಕಾಣಿಕೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಸ್ನೇಹವೇ ಅದರ ಘಟನೆ, ಸ್ನೇಹವೇ ಅದರ ನಿಯಮಾವಳಿ. ಆದರೆ 1930ರ ದಶಕದಲ್ಲಿ ಬೇಂದ್ರೆಯವರು ಸೆರೆಮನೆವಾಸ ಮತ್ತು ನಿರುದ್ಯೋಗಗಳಿಗೆ ಈಡಾದಾಗ, ಇತರ ಗೆಳೆಯರು ಉದ್ಯೋಗ ವಿದ್ಯಾಭ್ಯಾಸಗಳ ನಿಮಿತ್ತ ಬೇರೆ ಬೇರೆ ಊರುಗಳಿಗೆ ತೆರಳಿದಾಗ, ಗುಂಪು ಗುಂಪಾಗಿ ಉಳಿಯಲಿಲ್ಲ. ಅದರ ಚೈತನ್ಯವು 1933ರಲ್ಲಿ ಜಿ. ಬಿ. ಜೋಶಿಯವರ ಮುಂದಾಳುತನದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯಂಥ ಬೇರೆ ಪಾತ್ರೆಗಳಿಗೆ ಹರಿಯಿತು. ಸ್ನೇಹ ಮಾತ್ರದಿಂದ ಕಟ್ಟಿದ ಕೂಟವು ಉಜ್ವಲವಾಗಿ ಉರಿಯಬಲ್ಲುದು. ಆದರೆ ವ್ಯಕ್ತಿಗಳು ಚದುರಿದೊಡನೆ ಕೂಟವೂ ಚದುರುತ್ತದೆ ಎಂಬುದು ಇದರಿಂದ ವೇದ್ಯವಾಗುತ್ತದೆ.

ಕುಂದಗೋಳದ ಉದಾಹರಣೆಯು ಇದಕ್ಕೆ ಪೂರಕವಾಗಿದೆ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು 1952ರಲ್ಲಿ ನಿಧನರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮೊದಲಾದವರು ಅವರ ಬಳಿ ಕಲಿತವರು. ಅವರ ಪುಣ್ಯಸ್ಮರಣೆಯ ಸಂಗೀತೋತ್ಸವವು ಕುಂದಗೋಳದ ನಾಡಿಗೇರ ವಾಡೆಯಲ್ಲಿ ವರ್ಷಂಪ್ರತಿ ನಡೆಯುತ್ತ ಬಂದಿದೆ. ಕೇಳುಗರು ಬದಲಾದರು, ಹಾಡುವವರು ಬದಲಾದರು. ತಿಥಿ ಮತ್ತು ಸ್ಥಳಗಳು ಸ್ಥಿರವಾಗಿ ನಿಂತವು. ನಿಯತವಾದ ದಿನವೂ ನಿಯತವಾದ ಎಡೆಯೂ ಇದ್ದಲ್ಲಿ ಸ್ನೇಹಕ್ಕೆ ತಲೆಮಾರುಗಳನ್ನು ದಾಟುವ ಸೇತುವೆ ಸಿಗುತ್ತದೆ.

7. ತಾಲೂಕು ಸ್ಥಳದ ತೊಡಕುಗಳು

ನಗರದಲ್ಲಿ ರೂಪುಗೊಂಡ ಸೇವಾಸಂಘವು ನವಲಗುಂದದಂಥ ಊರಿಗೆ ಬಂದಾಗ ಕೆಲವು ತೊಡಕುಗಳು ತಲೆದೋರುವುದು ಸಹಜ. ಮೊದಲನೆಯದು ಪಂಚಾಂಗದ ತೊಡಕು. ಪದಗ್ರಹಣದ ಜುಲೈ ತಿಂಗಳೆಂದರೆ ಮುಂಗಾರಿಯ ಎಡೆಹೊಡೆಯುವ, ಕಳೆ ತೆಗೆಯುವ ಕಾಲ. ಎರಿನೆಲವು ತೊಯ್ದು, ಬೆಣ್ಣೆಹಳ್ಳ ತುಂಬಿದರೆ ಹಳ್ಳಿಯಿಂದ ತಾಲೂಕು ಸ್ಥಳಕ್ಕೆ ಬರುವುದೇ ದುಸ್ತರ. ಸೆಪ್ಟೆಂಬರ್ ಅಕ್ಟೋಬರಗಳಲ್ಲಿ ಹಿಂಗಾರಿ ಬಿತ್ತಿಗೆ. ಬಿಡುವು ದೊರೆಯುವುದು ಸುಗ್ಗಿ ಮುಗಿದ ಮೇಲೆ, ಆಗ ಸಂಘದ ವರುಷವು ಮುಗಿಯುತ್ತ ಬಂದಿರುತ್ತದೆ. ಹೀಗೆ ಸಂಘದ ಕಾಲಮಾನವೇ ಒಕ್ಕಲಿಗನನ್ನು ಹೊರಗಿರಿಸಿ, ಅಂಗಡಿ ಕಚೇರಿಗಳವರನ್ನು ಒಳಗೆ ಕರೆಯಿತು. ಎರಡನೆಯದು ವರ್ಗಾವಣೆಯ ತೊಡಕು. ತಾಲೂಕು ಸ್ಥಳದ ಉತ್ಸಾಹಿಗಳಲ್ಲಿ ಬ್ಯಾಂಕಿನವರು, ಅಧ್ಯಾಪಕರು, ವೈದ್ಯಾಧಿಕಾರಿಗಳು ಮೂರುನಾಲ್ಕು ವರುಷಗಳಿಗೊಮ್ಮೆ ಊರು ಬದಲಿಸುವವರು. ಅಧ್ಯಕ್ಷನಾಗುವ ಸರದಿ ಬಂದಾಗ ವರ್ಗಾವಣೆಯ ಹುಕುಮೂ ಬಂದಿರುತ್ತದೆ. ಮೂರನೆಯದು, ಸದಸ್ಯರ ಸಂಖ್ಯೆ ಕಡಮೆಯಿದ್ದಲ್ಲಿ ಸರದಿಯು ಬೇಗನೆ ಒಂದು ಸುತ್ತು ಮುಗಿಸಿ, ಆಮೇಲೆ ಯಾರೂ ಮುಂದೆ ಬಾರದ ಸ್ಥಿತಿ.

ಈ ತೊಡಕುಗಳನ್ನು ಹೇಳುವಾಗ ಒಕ್ಕಲಿಗನಿಗೆ ಸ್ನೇಹಕೂಟಗಳಿರಲಿಲ್ಲವೆಂದು ಯಾರೂ ತಿಳಿಯಬಾರದು. ಸೀಗಿಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಹೊಲಕ್ಕೆ ಚರಗ ಚೆಲ್ಲಿ, ಬಂಧುಗಳನ್ನೂ ಪೇಟೆಯ ಪರಿಚಿತರನ್ನೂ ಕರೆದು, ಬದುವಿನ ಮೇಲೆ ಸಾಲಾಗಿ ಕೂಡ್ರಿಸಿ ಸಜ್ಜೆರೊಟ್ಟಿ, ಕಡುಬು, ಪಲ್ಲೆಗಳನ್ನು ಬಡಿಸುವ ಬೆಳವಲದ ಪದ್ಧತಿಯು ಯಾವ ಸಹಭೋಜನಕ್ಕೂ ಕಡಮೆಯಾದುದಲ್ಲ. ಭಜನೆಯ ಮೇಳ, ಗರಡಿಮನೆ, ಪುರಾಣಶ್ರವಣ ಇವೂ ನಿಯತವಾದ ಕೂಟಗಳೇ. ಸಂಕಟವು ಒದಗಿದಾಗ ಈ ಪರಿಚಯಗಳು ಬೇರೊಂದು ರೂಪವನ್ನು ತಾಳಬಲ್ಲುವು. ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರು 1980ರಲ್ಲಿ ಸಮನ್ವಯ ಸಮಿತಿಯನ್ನು ರಚಿಸಿಕೊಂಡರು; ಆ ವರುಷದ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಮಡಿದರು. ಆ ದಿನವನ್ನು ರೈತ ಹುತಾತ್ಮರ ದಿನವೆಂದು ಸ್ಮರಿಸುವ ಸಭೆ ಪ್ರತಿವರುಷವೂ ಕೂಡುತ್ತ ಬಂದಿದೆ. ಮುಂಗಾರಿಯ ಕೆಲಸದ ನಡುವೆಯೂ ಒಕ್ಕಲಿಗನು ಈ ಸಭೆಗೆ ಬಂದನೆಂಬುದನ್ನು ನೆನೆದರೆ, ಸಭೆಯ ಕಾಲಕ್ಕಿಂತ ಸಭೆಯ ವಿಷಯವು ತನ್ನದೆಂಬ ಭಾವನೆಯೇ ಹೆಚ್ಚಿನದೆಂದು ಒಪ್ಪಬೇಕಾಗುತ್ತದೆ.

ಸ್ತ್ರೀಯರ ವಿಷಯದಲ್ಲಿ ಹಳೆಯ ಸಂಘಗಳ ನಡವಳಿಕೆಯು ಸಂಕುಚಿತವಾಗಿತ್ತು. ಲಯನ್ಸ್ ಸಂಘವು 1987ರಲ್ಲಿ, ರೋಟರಿಯು ಜಗತ್ತಿನಾದ್ಯಂತ 1989ರಲ್ಲಿ ಸ್ತ್ರೀಯರಿಗೆ ಸದಸ್ಯತ್ವವನ್ನು ತೆರೆದವು. ಅಲ್ಲಿಯವರೆಗೆ ಸದಸ್ಯರ ಪತ್ನಿಯರಿಗೆ ಪ್ರತ್ಯೇಕ ಕೂಟಗಳು ಮಾತ್ರ ಇದ್ದುವು. ಆದರೆ ಗ್ರಾಮೀಣ ಧಾರವಾಡದಲ್ಲಿ ಸಭೆ ಮತ್ತು ಸರದಿಗಳ ತತ್ತ್ವವನ್ನು ಬಡತನದ ನಡುವೆ ಬೇರೂರಿಸಿದ ಶ್ರೇಯಸ್ಸು ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಸಲ್ಲಬೇಕು. 1992ರಲ್ಲಿ ನಬಾರ್ಡ್ ಬ್ಯಾಂಕು ಇಂಥ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. 2000-01ರಲ್ಲಿ ಕರ್ನಾಟಕ ಸರಕಾರದ ಸ್ತ್ರೀಶಕ್ತಿ ಯೋಜನೆಯು ಬಂದಿತು. ಹತ್ತರಿಂದ ಇಪ್ಪತ್ತು ಜನರ ಗುಂಪು, ವಾರಕ್ಕೊಮ್ಮೆ ಸಭೆ, ತಪ್ಪಿದವರಿಗೆ ದಂಡ, ಉಳಿತಾಯದ ಲೆಕ್ಕ, ನಡಾವಳಿಯ ಪುಸ್ತಕ, ಪ್ರತಿನಿಧಿಗಳ ಬದಲಾವಣೆ ಇವು ಅವುಗಳ ಲಕ್ಷಣಗಳು. ಶಿಕಾಗೋದ ವರ್ತಕರು ಕಂಡುಕೊಂಡ ಕ್ರಮಕ್ಕೂ ಹಳ್ಳಿಯ ಗುಡಿಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುವ ಕೂಲಿ ಹೆಂಗಸರ ಕ್ರಮಕ್ಕೂ ಇರುವ ಹೋಲಿಕೆ ಆಶ್ಚರ್ಯಕರವಾಗಿದೆ. ಅಕ್ಷರ ಬಾರದವಳು ತನ್ನ ಸರದಿಗಾಗಿ ಸಹಿ ಕಲಿತದ್ದು ಈ ಕ್ರಮದಿಂದ ಒದಗಿದ ಸಾಮಾನ್ಯ ಲಾಭಗಳಲ್ಲೊಂದು.

8. ಸ್ಥಿರತೆಯೋ, ಸರದಿಯೋ?

ಈಗ ನಮ್ಮ ವಿವೇಚನೆಯ ಮುಖ್ಯ ಪ್ರಶ್ನೆಗೆ ಬರೋಣ. ವಿದ್ಯಾವರ್ಧಕ ಸಂಘದ ಅಧ್ಯಕ್ಷ ಪದವಿಯಲ್ಲಿ ಪಾಟೀಲ ಪುಟ್ಟಪ್ಪನವರು ಐದು ದಶಕಗಳಷ್ಟು ದೀರ್ಘಕಾಲ ಇದ್ದರು. ಅವರು 2020ರ ಮಾರ್ಚ್ 16ರಂದು ತೀರಿಕೊಂಡರು. ಪತ್ರಕರ್ತರಾಗಿ, ರಾಜ್ಯಸಭೆಯ ಸದಸ್ಯರಾಗಿ, ಕನ್ನಡದ ಹೋರಾಟಗಾರರಾಗಿ ಅವರು ಗಳಿಸಿದ್ದ ವರ್ಚಸ್ಸು ಸಂಘದ ವರ್ಚಸ್ಸೂ ಆಯಿತು. ಸಂಘದ ದನಿಯನ್ನು ಸರಕಾರವು ಕೇಳಬೇಕಾಗಿ ಬಂದಾಗ ಆ ದನಿಗೆ ಒಂದು ಪರಿಚಿತ ಮುಖವಿತ್ತು. ಇದು ಸ್ಥಿರತೆಯ ಲಾಭ. ಅವರ ತರುವಾಯ 2021ರಲ್ಲಿ ಚುನಾವಣೆಯು ನಡೆದು ಚಂದ್ರಕಾಂತ ಬೆಲ್ಲದರು ಅಧ್ಯಕ್ಷರಾದರು. ಶತಮಾನವನ್ನು ದಾಟಿದ ಸಂಸ್ಥೆಯು ಒಬ್ಬ ಹಿರಿಯರ ಅಗಲಿಕೆಯ ಅನಂತರವೂ ಮತದ ಮೂಲಕ ಮುಂದುವರಿದುದು ಅದರ ಘಟನೆಯ ಗಟ್ಟಿತನವನ್ನು ತೋರಿಸುತ್ತದೆ.

ಆದರೆ ಎರಡು ಪದ್ಧತಿಗಳನ್ನು ತೂಗಿ ನೋಡುವುದು ಅವಶ್ಯ. ದೀರ್ಘಕಾಲದ ನಾಯಕತ್ವದಿಂದ ಸಂಸ್ಥೆಗೆ ನೆನಪು ದೊರೆಯುತ್ತದೆ. ಯಾವ ಠರಾವು ಏಕೆ ಆಯಿತು, ಯಾವ ದತ್ತಿಯ ಷರತ್ತು ಏನು ಎಂಬುದನ್ನು ಬಲ್ಲವರು ಕುರ್ಚಿಯಲ್ಲಿಯೇ ಇರುತ್ತಾರೆ. ಆದರೆ ಎರಡನೆಯ ಸಾಲಿನಲ್ಲಿ ನಿಂತವರಿಗೆ ಹೊಣೆಯ ಅನುಭವ ದೊರೆಯಲು ತಡವಾಗುತ್ತದೆ; ನಡುವಯಸ್ಸಿನವರು ಕಾಯುತ್ತ ಮುದುಕರಾಗುತ್ತಾರೆ. ವಾರ್ಷಿಕ ಸರದಿಯಿಂದ ಸಂಸ್ಥೆಗೆ ಅನೇಕ ನಾಯಕರು ದೊರೆಯುತ್ತಾರೆ. ಇಪ್ಪತ್ತು ವರುಷಗಳಲ್ಲಿ ಇಪ್ಪತ್ತು ಜನ ಸಭೆಯನ್ನು ನಡೆಸಲು, ಲೆಕ್ಕವನ್ನು ಒಪ್ಪಿಸಲು, ವಿರೋಧವನ್ನು ತಾಳಲು ಕಲಿಯುತ್ತಾರೆ. ಆದರೆ ಹೊಸ ಅಧ್ಯಕ್ಷನು ಹಳೆಯವನ ಕೆಲಸವನ್ನು ಮುಂದುವರಿಸುವುದಕ್ಕಿಂತ ತನ್ನ ಹೆಸರಿನ ಹೊಸ ಕೆಲಸವನ್ನು ಹಿಡಿಯುವ ಅಪಾಯವಿದೆ. ಒಂದು ವರುಷ ನೆಟ್ಟ ಸಸಿಗಳಿಗೆ ಮರುವರುಷ ನೀರೆರೆಯುವವರಿಲ್ಲದಂತಾಗುವುದು ಹೀಗೆಯೇ. ಒಂದು ಪದ್ಧತಿಯಲ್ಲಿ ನೆನಪಿದೆ, ತರಬೇತಿಯಿಲ್ಲ. ಇನ್ನೊಂದರಲ್ಲಿ ತರಬೇತಿಯಿದೆ, ನೆನಪಿಲ್ಲ.

ಹಾಗಾದರೆ ನೆನಪು ಎಲ್ಲಿರಬೇಕು? ವ್ಯಕ್ತಿಯಲ್ಲಿ ಅಲ್ಲ, ದಫ್ತರದಲ್ಲಿ. ಸಭೆಯ ನಡಾವಳಿ, ಜಮಾಖರ್ಚಿನ ಕೀರ್ದಿ, ಸದಸ್ಯರ ಯಾದಿ, ಪತ್ರವ್ಯವಹಾರ ಇವು ಅಧ್ಯಕ್ಷನೊಡನೆ ಮನೆಗೆ ಹೋಗದೆ ಸಂಘದೊಡನೆ ಉಳಿದಾಗ ಮಾತ್ರ ಸರದಿಯು ಸುರಕ್ಷಿತವಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯು ವಾರ್ಷಿಕ ಸರ್ವಸಾಧಾರಣ ಸಭೆಯನ್ನೂ ಆಡಳಿತ ಮಂಡಳದ ಯಾದಿಯನ್ನು ನೋಂದಣಾಧಿಕಾರಿಗೆ ಒಪ್ಪಿಸುವುದನ್ನೂ ವಿಧಿಸಿರುವುದು ಬರಿಯ ಕಚೇರಿಯ ಕಾಟವಲ್ಲ. ಅಧಿಕಾರವು ಯಾರಿಂದ ಯಾರಿಗೆ, ಯಾವ ಸಭೆಯಲ್ಲಿ ಸಾಗಿತೆಂಬುದಕ್ಕೆ ಅದು ಲಿಖಿತವಾದ ಸಾಕ್ಷಿ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕೂಡುವ ಪ್ರವೃತ್ತಿಯು ಧಾರವಾಡ ಸೀಮೆಗೆ ಪ್ರಾಚೀನವಾದುದು. ಸ್ವೇಚ್ಛೆಯಿಂದ ಸೇರುವ, ಆಯ್ಕೆಯಿಂದ ನಡೆಯುವ ಸಂಘವು ಮಾತ್ರ ಅರ್ವಾಚೀನ. ಹಳ್ಳಿಯಲ್ಲಿ ಅವಧಿಬದ್ಧ ಅಧಿಕಾರದ ಕಲ್ಪನೆಯನ್ನು ಹರಡುವಲ್ಲಿ ಸಹಕಾರಿ ಸಂಘಗಳ ಪಾಲು ದೊಡ್ಡದು. ತಾಲೂಕು ಸ್ಥಳಗಳಲ್ಲಿ ವಾರ್ಷಿಕ ಸರದಿಯನ್ನು ರೂಢಿಗೆ ತಂದವು ಸೇವಾಸಂಘಗಳು. ಅದನ್ನು ಬಡವರ ಅಂಗಳಕ್ಕೆ ತಂದವು ಸ್ತ್ರೀಯರ ಸ್ವಸಹಾಯ ಸಂಘಗಳು. ಸ್ನೇಹವಿಲ್ಲದ ಸರದಿಯು ಬರಿಯ ಪೈಪೋಟಿಯಾಗುತ್ತದೆ. ಸರದಿಯಿಲ್ಲದ ಸ್ನೇಹವು ವ್ಯಕ್ತಿಗಳೊಡನೆ ಮುಗಿಯುತ್ತದೆ. ಇವೆರಡನ್ನೂ ಹಿಡಿದಿಡುವುದು ನಿಯತವಾದ ಸಭೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕರ್ತವ್ಯವೂ ಕಾದಿದೆ. ಲಕ್ಕುಂಡಿಯ ಮಹಾಜನರು ತಮ್ಮ ನಿರ್ಣಯಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಿಂದ ನಾವಿಂದು 900 ವರುಷಗಳ ತರುವಾಯವೂ ಅವರ ಸಭೆಯಲ್ಲಿ ಕುಳಿತಂತೆ ಮಾತನಾಡಬಲ್ಲೆವು. ಐವತ್ತು ಅರುವತ್ತು ವರುಷಗಳ ಹಿಂದಿನ ಸಂಘಗಳ ನಡಾವಳಿ ಪುಸ್ತಕಗಳಾದರೋ ಕಾಗದದವು. ಮಾಜಿ ಕಾರ್ಯದರ್ಶಿಗಳ ಮನೆಯ ಅಟ್ಟದ ಮೇಲೆ, ಅಂಗಡಿಯ ಹಳೆಯ ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಮನೆ ಸುಣ್ಣಬಣ್ಣ ಕಂಡಾಗ ಅವು ರದ್ದಿಗೆ ಹೋಗುತ್ತವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಆಯಾ ಊರಿನ ಸಹಕಾರಿ ಸಂಘ, ವಾಚನಾಲಯ, ಭಜನಾ ಮಂಡಳಿ, ಸೇವಾಸಂಘ, ಮಹಿಳಾ ಮಂಡಳಗಳ ದಫ್ತರಗಳನ್ನು ಕಂಡು, ಒಂದೊಂದರ ಯಾದಿಯನ್ನಾದರೂ ಸಿದ್ಧಪಡಿಸಿದರೆ, ಮುಂದಿನ ಸಂಶೋಧಕನಿಗೆ ಅದಕ್ಕಿಂತ ಮಿಗಿಲಾದ ಉಪಕಾರವಿಲ್ಲ. ಹೆಸರು, ತಾರೀಖು, ಠರಾವು, ಹಾಜರಿಯ ಸಹಿಗಳು ಇವುಗಳಲ್ಲಿಯೇ ಒಂದು ಊರು ತನ್ನನ್ನು ತಾನು ಆಳಿಕೊಳ್ಳಲು ಕಲಿತ ಕಥೆ ಅಡಗಿದೆ. ಆ ಪುಸ್ತಕಗಳು ಇರುವಾಗಲೇ ಅವನ್ನು ಓದುವ ಕೆಲಸ ಮೊದಲಾಗಬೇಕು.